ಓದುಗರ ಪ್ರಶ್ನೆ: ಜೇಬಿನ ಕ್ಯಾಮೆರಾ ತಗೋಬೇಕಾ, ಬೇಡ್ವಾ?

ಹೋದ ಸಲ ಈ ಅಂಕಣದಲ್ಲಿ ಹಳೇ ಡಿಜಿಟಲ್ ಕ್ಯಾಮೆರಾ ಬಗ್ಗೆ ಒಂದೇ ಒಂದು ಸಾಲು ಬರ್ದಿದ್ದೆ, ಮನೇಲಿದ್ರೆ ಎಸೀಬೇಡಿ ಅಂತ. ಅಷ್ಟಕ್ಕೇ ಪತ್ರದ ಮೇಲೆ ಪತ್ರ. ಹಾಗಾಗಿ ಈ ಸಲ ಪೂರ್ತಿ ಅದೇ, ವಾಷಿಂಗ್ ಮೆಷಿನ್ ಬಗ್ಗೆ ಕೇಳ್ದೋರು ಇನ್ನೊಂದು ವಾರ ತಡ್ಕೊಳ್ಳಿ.

ಪ್ರಶ್ನೆ (ತುಮಕೂರಿನಿಂದ): ಸರ್, ಮಗಳು ಫಸ್ಟ್ ಪಿಯುಸಿ. ಫೋನ್ ಕೊಡ್ಸೋದು ಬೇಡ ಅಂತ ಅವರಮ್ಮ ಪಟ್ಟು ಹಿಡಿದಿದ್ದಾಳೆ, ಹಾಗಾದ್ರೆ ಕ್ಯಾಮೆರಾ ಆದ್ರೂ ಕೊಡ್ಸಿ ಅಂತ ಇವಳು ಕೂತಿದ್ದಾಳೆ. ಅಂಗಡೀಲಿ ಮೂರು ತೋರಿಸಿದ್ರು. ಸೆಕೆಂಡ್ ಹ್ಯಾಂಡಲ್ಲಿ ಕೆನಾನ್ ಇಕ್ಸಸ್ 185 ಮತ್ತೆ ಸೋನಿ ಡಬ್ಲ್ಯು800, ಹೊಸದರಲ್ಲಿ ಕೊಡಾಕ್ ಪಿಕ್ಸ್‌ಪ್ರೋ ಎಫ್‌ಜೆಡ್55. ಯಾವುದು ಒಳ್ಳೇದು? ಮತ್ತೆ ಕೊಡಾಕ್ ಮುಚ್ಚೋಗಿಲ್ವಾ ಸರ್?

ಮೊದಲು ಕೊಡಾಕ್ ವಿಷಯ ಮುಗಿಸ್ತೀನಿ. ಅವರು 2012ರಲ್ಲಿ ದಿವಾಳಿ ಅರ್ಜಿ ಹಾಕಿ ಕ್ಯಾಮೆರಾ ಮಾಡೋದೇ ನಿಲ್ಸಿದ್ರು, ಆಮೇಲೆ ಜೆಕೆ ಇಮೇಜಿಂಗ್ ಅನ್ನೋ ಅಮೆರಿಕದ ಕಂಪನಿ ಆ ಹೆಸರನ್ನ ಲೈಸೆನ್ಸ್ ಮೇಲೆ ತಗೊಂಡು ಪಿಕ್ಸ್‌ಪ್ರೋ ಅಂತ ಮಾರ್ತಿದೆ. ಅಂದ್ರೆ ನಮ್ಮಪ್ಪನ ಕಾಲದ ಹಳದಿ ಡಬ್ಬಿ ಕೊಡಾಕ್ ಅಲ್ಲ ಇದು, ಹಾಗಂತ ನಕಲೀನೂ ಅಲ್ಲ.

ಈಗ ಮೂರನ್ನೂ ಟೇಬಲ್ ಮೇಲೆ ಇಡೋಣ. ಇಕ್ಸಸ್ 2017ರದ್ದು, ಸೋನಿ 2014ರದ್ದು, ಎರಡರಲ್ಲೂ 20 ಮೆಗಾಪಿಕ್ಸೆಲ್ (2 ಕೋಟಿ ಚುಕ್ಕೆ) ಸಿಸಿಡಿ ಸೆನ್ಸರ್, ಅಂದ್ರೆ ಬೆಳಕು ಹಿಡಿದು ಫೋಟೋ ಮಾಡೋ ಚಿಪ್. ಕೊಡಾಕಲ್ಲಿ 16 ಮೆಗಾಪಿಕ್ಸೆಲ್ ಸಿಮಾಸ್, ಅದು ಇನ್ನೊಂದು ಬಗೆಯ ಸೆನ್ಸರ್. ಮೆಗಾಪಿಕ್ಸೆಲ್ ಲೆಕ್ಕ ಬಿಟ್ಬಿಡಿ, ಮೂರೂ ಕ್ಯಾಮೆರಾದ ಒಳಗಿರೋ ಸೆನ್ಸರ್ ಅಳತೆ ಒಂದೇ, ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರ್ ಎತ್ತರ, ಹೆಚ್ಚೂಕಮ್ಮಿ ಒಂದು ತೊಗರಿ ಕಾಳು. ಆ ತೊಗರಿ ಕಾಳಿನ ಮೇಲೆ 2 ಕೋಟಿ ಚುಕ್ಕೆ ಕೂರಿಸಿದ್ರೆ ಒಂದೊಂದಕ್ಕೂ ಎಷ್ಟು ಬೆಳಕು ಬಿದ್ದೀತು ನೀವೇ ಹೇಳಿ. ಅದರ ಮುಂದೆ ಇರೋ ಲೆನ್ಸೂ ಬೆಳಕಿನ ವಿಷಯದಲ್ಲಿ ಜುಗ್ಗಾನೇ. ಲೆನ್ಸಿನ ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರೋ ಬೆಳಕು ಜಾಸ್ತಿ. ಇಕ್ಸಸ್ದು ಜೂಮ್ ಮಾಡ್ದೇ ಇದ್ದಾಗ ಎಫ್ 3.2, ಪೂರ್ತಿ 8 ಪಟ್ಟು ಜೂಮ್ ಎಳೆದಾಗ ಎಫ್ 6.9, ಅಂದ್ರೆ ಜೂಮ್ ತುದೀಲಿ ಒಳಗೆ ಬರೋ ಬೆಳಕು ನಾಲ್ಕೂವರೆ ಪಟ್ಟು ಕಮ್ಮಿ. ಕಡಿಮೆ ಬೆಲೆ ಕ್ಯಾಮೆರಾದ ಒಳ್ಳೇದು ಕೆಟ್ಟದು ಎಲ್ಲಾ ಇಲ್ಲಿಂದಾನೇ ಹುಟ್ಟೋದು, ಹಗಲು ಹೊತ್ತು ಅಂಗಳದಲ್ಲಿ ಇವು ಚೆನ್ನಾಗೇ ತೆಗೀತವೆ, ಸಂಜೆ ಟ್ಯೂಬ್‌ಲೈಟ್ ಕೆಳಗೆ ಬಂದ್ರೆ ಉಪವಾಸ ಬಿದ್ದ ಹಾಗೆ. ಮೂರರಲ್ಲೂ ಕೈ ನಡುಕ ತಡಿಯೋ ಲೆನ್ಸ್ ಬೇರೆ ಇಲ್ಲ.

ಹಾಗಾಗಿ ಯಾವ ಮಾಡೆಲ್ ಅನ್ನೋದಕ್ಕಿಂತ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಅಂದ್ಮೇಲೆ, ನಿಮ್ಮ ಕೈಗೆ ಬರೋ ಆ ಒಂದು ಪೀಸ್ ಹೆಂಗಿದೆ ಅನ್ನೋದೇ ಮುಖ್ಯ. ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ, ಜೊತೆಗೆ ಒಂದು ಹಾಳೆ ದಿನಪತ್ರಿಕೆ. ನಗಬೇಡಿ. ಆ ಹಾಳೇನ ಗೋಡೆಗೆ ಅಂಟಿಸಿ ಎದುರಿಗೆ ನೆಟ್ಟಗೆ ನಿಂತ್ಕೊಂಡು ಜೂಮ್ ಮಾಡದೆ ಹಾಳೆ ಫ್ರೇಮ್ ತುಂಬೋ ಹಾಗೆ ಒಂದು ಫೋಟೋ ತೆಗೀರಿ, ಮನೆಗೆ ಬಂದು ಕಂಪ್ಯೂಟರಲ್ಲಿ ನಾಲ್ಕು ಮೂಲೇನೂ ದೊಡ್ಡದು ಮಾಡಿ ನೋಡಿ (ಅಂಗಡಿಯವರು ಒಂದು ದಿನ ಟೈಮ್ ಕೊಟ್ರೆ, ಇಲ್ಲಾಂದ್ರೆ ಅಲ್ಲೇ ಸ್ಕ್ರೀನಲ್ಲೇ). ನಾಲ್ಕು ಮೂಲೇಲೂ ಅಕ್ಷರ ಒಂಚೂರು ಮಸುಕಾಗಿದ್ರೆ ಪರವಾಗಿಲ್ಲ, ಈ ಬೆಲೆಗೆ ಅಷ್ಟೇ ಬರೋದು. ಆದ್ರೆ ಎಡಗಡೆ ಓದೋಕಾಗುತ್ತೆ, ಬಲಗಡೆ ಗಂಜಿ ಆಗಿದೆ ಅಂದ್ರೆ ಎಲ್ಲೋ ಬಿದ್ದು ಲೆನ್ಸ್ ಓರೆಯಾಗಿದೆ ಅಂತ ಲೆಕ್ಕ. ವಾಪಸ್ ಕೊಟ್ಬಿಡಿ. ಆಮೇಲೆ ಪೂರ್ತಿ ಜೂಮ್ ಎಳೆದು ಬಿಳಿ ಗೋಡೆದೊಂದು ಫೋಟೋ. ಬೂದು ಬಣ್ಣದ ಕಲೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕಂಡ್ರೆ ಒಳಗೆ ಧೂಳು ಹೋಗಿದೆ, ಒರೆಸೋಕೆ ಆಗಲ್ಲ.

ಲೆನ್ಸ್ ಹೊರಗೆ ಬರೋವಾಗ ಕಿವಿ ಹತ್ರ ಇಟ್ಕೊಂಡು ಕೇಳಿ. ಜುಂಯ್ ಅಂತ ಒಂದೇ ಸದ್ದು ಬರಬೇಕು, ಕರಕರ ಅಂದ್ರೆ ಮರಳು. ಇದನ್ನ ನಾನು ದುಡ್ಡು ಕೊಟ್ಟು ಕಲ್ತಿದ್ದು, ಮಲ್ಪೆ ಬೀಚಲ್ಲಿ ಟವೆಲ್ ಮೇಲೆ ಇಟ್ಟಿದ್ದ ನನ್ನ ಕ್ಯಾಮೆರಾ ಸಂಜೆ ಹೊತ್ತಿಗೆ ಅರ್ಧ ಮೂತಿ ಹೊರಗೆ ಹಾಕಿ ನಿಂತ್ಬಿಡ್ತು, ಸ್ಕ್ರೀನಲ್ಲಿ ‘ಲೆನ್ಸ್ ಎರರ್’. ರಿಪೇರಿಯವನು ಕೇಳಿದ್ದು ಕ್ಯಾಮೆರಾ ಬೆಲೆಗಿಂತ ಜಾಸ್ತಿ. ಇನ್ನು ಬ್ಯಾಟರಿ, ಹೊರಗೆ ತೆಗೆದು ಗಾಜಿನ ಟೇಬಲ್ ಮೇಲೆ ಇಟ್ಟು ಬೆರಳಲ್ಲಿ ತಿರುಗಿಸಿ ನೋಡಿ, ಬುಗುರಿ ಥರ ಸುತ್ತಿದ್ರೆ ಊದ್ಕೊಂಡಿದೆ ಅಂತ ಅರ್ಥ. ಊದಿದ ಬ್ಯಾಟರಿ ಹಾಕ್ಬೇಡಿ, ಚಾರ್ಜ್ ಮಾಡ್ಲೂಬೇಡಿ.

ಇಷ್ಟೆಲ್ಲಾ ಆದ್ಮೇಲೆ ನನ್ನ ಆಯ್ಕೆ ಕೇಳಿದ್ರೆ, ಮಗಳು ವಿಡಿಯೋನೂ ಮಾಡ್ತಾಳೆ ಅಂದ್ರೆ ಕೊಡಾಕ್, ಯಾಕಂದ್ರೆ ಅದರಲ್ಲಿ 1080 ವಿಡಿಯೋ ಇದೆ, ಉಳಿದ ಎರಡರಲ್ಲಿ 720 ಅಷ್ಟೇ, ಜೊತೆಗೆ ಹೊಸ ಬ್ಯಾಟರಿ, ಗ್ಯಾರಂಟಿ ಕಾರ್ಡ್. ಬರೀ ಫೋಟೋ, ಟ್ರಿಪ್ಪು, ದೂರದ್ದು ಹತ್ರ ತಗೋಬೇಕು ಅಂದ್ರೆ ಇಕ್ಸಸ್, ಪೇಪರ್ ಪರೀಕ್ಷೆ ಪಾಸಾದ್ರೆ ಮಾತ್ರ. ಸೋನಿ ಕೆಟ್ಟದಲ್ಲ, ಆದ್ರೆ ಇಕ್ಸಸ್ ಬೆಲೆಗೇ ಕೊಡ್ತೀನಿ ಅಂದ್ರೆ ನಾನಂತೂ ತಗೊಳ್ಳಲ್ಲ, ಜೂಮ್ 5 ಪಟ್ಟಷ್ಟೇ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ್ರೀ ಸರ. ನಮ್ಮ ಮಾವಾರ ಕಪಾಟಿನ್ಯಾಗ ಕೆನಾನ್ ಎ590 ಐಎಸ್ ಅಂತ ಒಂದು ಕ್ಯಾಮೆರಾ ಸಿಕ್ಕೈತ್ರಿ. ಎರಡು ಪೆನ್ಸಿಲ್ ಸೆಲ್ ಹಾಕಿದ್ರ ಹತ್ತು ಫೋಟೋಕ್ಕ ಬಂದ್ ಆಗ್ತೈತಿ. ಬರೇ 8 ಮೆಗಾಪಿಕ್ಸೆಲ್ ಅಂತ. ಗುಜರಿಗೆ ಹಾಕ್ಲೇನ್ರಿ?

ಅಯ್ಯೋ, ಹಾಕ್ಬೇಡ್ರಿ! ತುಮಕೂರಿನವರು ಇದನ್ನ ಓದಿದ್ರೆ ಹೊಟ್ಟೆ ಉರ್ಕೋತಾರೆ. 2008ರ ಕ್ಯಾಮೆರಾ ಅದು, ಲೆನ್ಸ್ ಎಫ್ 2.6ರಿಂದ ಶುರು, ಕೈ ನಡುಗಿದ್ರೆ ತಡ್ಕೊಳ್ಳೋ ಲೆನ್ಸ್ ಒಳಗಿದೆ (ಆ ಐಎಸ್ ಅಂದ್ರೆ ಅದೇ), ಶಟರ್ ಸ್ಪೀಡು (ಬೆಳಕು ಎಷ್ಟು ಹೊತ್ತು ಬೀಳ್ಬೇಕು), ಅಪರ್ಚರು (ಲೆನ್ಸ್ ಬಾಯಿ ಎಷ್ಟು ತೆರೀಬೇಕು) ನಾವೇ ಇಟ್ಕೋಬೋದು, ಬಿಸಿಲಲ್ಲಿ ಸ್ಕ್ರೀನ್ ಕಾಣ್ದೇ ಹೋದ್ರೆ ಕಣ್ಣಿಟ್ಟು ನೋಡೋಕೆ ಒಂದು ಚಿಕ್ಕ ಕಿಂಡೀನೂ ಇದೆ. ಒಂಬತ್ತು ವರ್ಷ ಆದ್ಮೇಲೆ ಬಂದ ಇಕ್ಸಸ್ 185ರಲ್ಲಿ ಇದ್ಯಾವುದೂ ಇಲ್ಲ ಅನ್ನೋದು ನೋಡಿ ತಮಾಷೆ. 8 ಮೆಗಾಪಿಕ್ಸೆಲ್ ಅಂತ ಬೇಜಾರು ಮಾಡ್ಕೊಬೇಡಿ, ಪೋಸ್ಟ್‌ಕಾರ್ಡ್ ಪ್ರಿಂಟಿಗಿರಲಿ, ಗೋಡೆ ಕ್ಯಾಲೆಂಡರ್ ಅಳತೆಗೂ ಸಾಕು.

ಅದರ ದೌರ್ಬಲ್ಯ ಅಂದ್ರೆ ಸ್ಕ್ರೀನ್, ಇವತ್ತಿನ ಕಣ್ಣಿಗೆ ಜಾಳು ಜಾಳು. ಇನ್ನೊಂದು ನಿಧಾನ. ಫ್ಲ್ಯಾಶ್ ಹೊಡೆದು ಮತ್ತೆ ರೆಡಿ ಆಗೋ ಹೊತ್ತಿಗೆ ಎದುರಿನವರ ನಗು ಇಳಿದು ಹೋಗಿರುತ್ತೆ.

ಸೆಲ್ ವಿಷಯಕ್ಕೆ ಬರ್ತೀನಿ. ನೀವು ಹಾಕಿದ್ದು ಗೋಡೆ ಗಡಿಯಾರದ ಸೆಲ್ ಇರ್ಬೇಕು. ಗಡಿಯಾರ ಗುಟುಕು ಗುಟುಕಾಗಿ ಕರೆಂಟ್ ಕುಡಿಯುತ್ತೆ, ಕ್ಯಾಮೆರಾ ಲೆನ್ಸ್ ಎಳೆಯೋವಾಗ, ಫ್ಲ್ಯಾಶ್ ತುಂಬೋವಾಗ ಒಂದೇ ಸಲ ಗಟಗಟ ಅಂತ ಎಳ್ಕೊಳ್ಳುತ್ತೆ, ಅಷ್ಟು ರಭಸಕ್ಕೆ ಆ ಸೆಲ್ಲಲ್ಲಿ ವೋಲ್ಟೇಜ್ ಬಿದ್ದೋಗುತ್ತೆ, ಕ್ಯಾಮೆರಾ ‘ಬ್ಯಾಟರಿ ಬದಲಾಯಿಸಿ’ ಅನ್ನುತ್ತೆ. ಅದೇ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿ, ತಿಂಗಳುಗಟ್ಟಲೆ ಓಡ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಅಂತ ಬರೆದಿರೋ ರೀಚಾರ್ಜ್ ಸೆಲ್ ನಾಲ್ಕು ತಗೊಳ್ಳಿ, ಚಾರ್ಜರ್ ಜೊತೆ. ಅದರ ಮೇಲೆ 1.2 ವೋಲ್ಟ್ ಅಂತಿರುತ್ತೆ, 1.5 ಇಲ್ವಲ್ಲ ಅಂತ ಹೆದರಬೇಡಿ, ಕಡಿಮೆ ಇದ್ರೂ ಗಟ್ಟಿಯಾಗಿ ನಿಲ್ಲುತ್ತೆ. ಸೆಲ್ ಹಾಕೋ ಮುಂಚೆ ಒಳಗಿನ ತಗಡು ನೋಡಿ, ಹಸಿರು ಬಿಳಿ ಪುಡಿ ಕಟ್ಟಿದ್ರೆ ಬಡ್ಸ್ ತುದಿಗೆ ಒಂದು ಹನಿ ನಿಂಬೆರಸ ಮುಟ್ಟಿಸಿ ಒರೆಸಿ, ಆಮೇಲೆ ಚೆನ್ನಾಗಿ ಒಣಗ್ಲಿ.

ಮೆಮೊರಿ ಕಾರ್ಡ್ ನಿಮ್ಮದಕ್ಕೆ ಎಸ್‌ಡಿಎಚ್‌ಸಿ (2 ಜಿಬಿಗಿಂತ ಮೇಲೆ 32 ಜಿಬಿವರೆಗಿನ ಎಸ್‌ಡಿ ಕಾರ್ಡು) ನಡೆಯುತ್ತೆ. ಬೇರೆಯವರು ಹಳೇದು ತಗೊಳ್ಳೋವಾಗ ಇದನ್ನ ಮರೀಬೇಡಿ. 2006ಕ್ಕಿಂತ ಮುಂಚಿನ ಕ್ಯಾಮೆರಾಗಳಿಗೆ 2 ಜಿಬಿವರೆಗಿನ ಹಳೇ ಎಸ್‌ಡಿ ಕಾರ್ಡೇ ಬೇಕು, ಒಲಿಂಪಸ್, ಫ್ಯೂಜಿ ಕೆಲವು ಹಳೇ ಮಾಡೆಲ್‌ಗೆ ಎಕ್ಸ್‌ಡಿ ಕಾರ್ಡು, ಹಳೇ ಸೋನಿಗೆ ಮೆಮೊರಿ ಸ್ಟಿಕ್ಕು. ಕ್ಯಾಮೆರಾ ಐನೂರಕ್ಕೆ ಸಿಕ್ಕಿ ಕಾರ್ಡಿಗೆ ಊರೆಲ್ಲಾ ಅಲೆದೋರನ್ನ ನೋಡಿದೀನಿ.

ಪ್ರಶ್ನೆ (ಹೊನ್ನಾವರದಿಂದ): ಯಕ್ಷಗಾನದ ಫೋಟೋ ತೆಗೀಲಿಕ್ಕೆ ಅಂತಲೇ 8 ಪಟ್ಟು ಜೂಮ್ ಇರೋ ಕ್ಯಾಮೆರಾ ತಗೊಂಡೆ. ರಾತ್ರಿ ಆಟದಲ್ಲಿ ತೆಗೆದದ್ದೆಲ್ಲ ಮಸುಕು. ಕ್ಯಾಮೆರಾ ಹಾಳೋ, ನಾನು ಹಾಳೋ?

ಇಬ್ರೂ ಅಲ್ಲ. ಹಿಂದಿನ ಸಾಲಲ್ಲಿ ಕೂತು ಜೂಮ್ ಪೂರ್ತಿ ಎಳ್ದಿರ್ತೀರಿ. ಮೇಲೆ ಹೇಳಿದ್ನಲ್ಲ, ಜೂಮ್ ತುದೀಲಿ ಬೆಳಕು ನಾಲ್ಕೂವರೆ ಪಟ್ಟು ಕಮ್ಮಿ. ಅದನ್ನ ಸರಿದೂಗಿಸೋಕೆ ಕ್ಯಾಮೆರಾ ಶಟರನ್ನ ಜಾಸ್ತಿ ಹೊತ್ತು ತೆರೆದಿಡುತ್ತೆ, ಅಷ್ಟರಲ್ಲಿ ವೇಷ ಎರಡು ಸುತ್ತು ಕುಣಿದಿರುತ್ತೆ. ಮುಂದಿನ ಸಾಲಿಗೆ ಬನ್ನಿ, ಜೂಮ್ ಮುಟ್ಟಬೇಡಿ, ಮೊಣಕೈನ ಮುಂದಿನ ಕುರ್ಚಿ ಬೆನ್ನಿಗೆ ಊರಿ. ಪದ ಮುಗಿದು ಪಾತ್ರಧಾರಿ ಅರ್ಥ ಹೇಳ್ಲಿಕ್ಕೆ ನಿಲ್ತಾರಲ್ಲ, ಆಗ ತೆಗೀರಿ. ಬಟನ್ ಅರ್ಧ ಒತ್ತಿ ಮೊದಲೇ ಫೋಕಸ್ ಹಿಡಿದಿಟ್ಕೊಂಡಿದ್ರೆ ಒತ್ತಿದ ತಕ್ಷಣ ಬೀಳುತ್ತೆ, ಇಲ್ಲಾಂದ್ರೆ ಕ್ಯಾಮೆರಾ ತಡಕಾಡಿ ತಡಕಾಡಿ ಕಿರೀಟ ಪಕ್ಕಕ್ಕೆ ಹೋದ್ಮೇಲೆ ಕ್ಲಿಕ್ ಅನ್ನುತ್ತೆ. ಫ್ಲ್ಯಾಶ್ ಆಫ್ ಮಾಡಿ. ಇವುಗಳ ಫ್ಲ್ಯಾಶ್ ಮೂರು ಮೀಟರ್ ಹೋದ್ರೆ ಹೆಚ್ಚು, ಹಿಂದಿನಿಂದ ಹೊಡೆದ್ರೆ ಬೆಳಗೋದು ಮುಂದಿನವರ ಬೋಳುತಲೆ.

ಇಷ್ಟು ಮಾಡಿದ್ಮೇಲೂ ಕುಣಿತದ್ದೇ ಚಿತ್ರ ಬೇಕು ಅಂದ್ರೆ ಈ ಜಾತಿ ಕ್ಯಾಮೆರಾದಿಂದ ಆಗಲ್ಲ, ಸುಳ್ಳು ಯಾಕೆ ಹೇಳ್ಲಿ.

ಪ್ರಶ್ನೆ (ಬೆಂಗಳೂರು, ವಿಜಯನಗರದಿಂದ): ಆನ್‌ಲೈನಲ್ಲಿ 48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಜೂಮ್, ನಾಲ್ಕೂವರೆ ಸಾವಿರ. ಕೆನಾನ್‌ಗಿಂತ ಇದೇ ಲಾಭ ಅಲ್ವಾ?

ಅದರ ಪುಟದಲ್ಲಿ ‘ಆಪ್ಟಿಕಲ್’ ಅನ್ನೋ ಪದ ಹುಡುಕಿ, ಅಂದ್ರೆ ಲೆನ್ಸೇ ಸರಿದು ಮಾಡೋ ನಿಜವಾದ ಜೂಮ್. ಸಿಗಲ್ಲ. ಆನ್ ಮಾಡಿದಾಗ ಲೆನ್ಸ್ ಹೊರಗೆ ಬರುತ್ತಾ ಅಂತ ವಿಡಿಯೋದಲ್ಲಿ ನೋಡಿ. ಬರಲ್ಲ. 16 ಪಟ್ಟು ಅನ್ನೋದು ಫೋಟೋನ ಕತ್ತರಿಸಿ ಹಿಗ್ಗಿಸೋದು, 48 ಅನ್ನೋದೂ ಚಿಕ್ಕ ಫೋಟೋಗೆ ಮಧ್ಯೆ ಮಧ್ಯೆ ಚುಕ್ಕೆ ಊಹಿಸಿ ತುಂಬಿಸಿದ್ದು, ಹಾಲಿಗೆ ನೀರು ಹಾಕಿ ಎರಡು ಲೀಟರ್ ಅಂದ ಹಾಗೆ. ಮಕ್ಕಳ ಆಟಕ್ಕೆ ಬೇಕಾದ್ರೆ ತಗೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ಫೋನೇ ಇರುವಾಗ ಇದೆಲ್ಲಾ ಯಾಕೆ ಸ್ವಾಮಿ? ಜನಕ್ಕೆ ದುಡ್ಡು ಖರ್ಚು ಮಾಡ್ಸೋ ಪ್ಲಾನಾ?

ಒಳ್ಳೇ ಫೋನ್ ಇದ್ರೆ ನಿಜವಾಗ್ಲೂ ಬೇಡ, ನಾನೂ ಮನೇಲಿ ಫೋನಲ್ಲೇ ತೆಗಿಯೋದು. ಫೋನಿನ ಲೆನ್ಸ್ ಎಫ್ 1.8ರ ಆಸುಪಾಸು, ಇಕ್ಸಸ್‌ಗಿಂತ ಮೂರು ಪಟ್ಟು ಬೆಳಕು ತಗೊಳ್ಳುತ್ತೆ, ಮೇಲಿಂದ ಕತ್ತಲಲ್ಲಿ ಒಂದೇ ಒತ್ತಿಗೆ ಹತ್ತಾರು ಫೋಟೋ ತೆಗೆದು ಬೆರೆಸಿ ಒಂದು ಮಾಡುತ್ತೆ. ಈ ಡಬ್ಬಿಗಳಿಗೆ ಆ ವಿದ್ಯೆ ಗೊತ್ತಿಲ್ಲ. ಆದ್ರೆ ಎರಡು ವಿಷಯದಲ್ಲಿ ಕಡಿಮೆ ಬೆಲೆ ಫೋನು ಇವಕ್ಕೆ ಸೋಲುತ್ತೆ. ಒಂದು, ಹಗಲಲ್ಲಿ ನಿಜವಾದ ಜೂಮ್. ಇನ್ನೊಂದು ಫ್ಲ್ಯಾಶ್, ಫೋನಿಂದು ಟಾರ್ಚ್ ಥರ ಮಂಕು ಎಲ್‌ಇಡಿ, ಕ್ಯಾಮೆರಾದ್ದು ಕ್ಸೆನಾನ್, ಫಳಾರ್ ಅಂತ ಒಂದು ಕ್ಷಣ ಹೊಡೆಯೋದ್ರಿಂದ ಕುಣಿಯೋ ಮಗುವೂ ಕಲ್ಲಿನ ಹಾಗೆ ನಿಲ್ಲುತ್ತೆ. ಈಗಿನ ಹುಡುಗ್ರು ಹಳೇ ಕ್ಯಾಮೆರಾ ಹುಡುಕ್ತಿರೋದು ಆ ಫ್ಲ್ಯಾಶ್ ಹೊಡೆದ ಮುಖಕ್ಕೇ, ಹಿಂದೆ ಕಪ್ಪು, ಮುಂದೆ ಬೆಳ್ಳಗೆ ಹೊಳೆಯೋ ಕೆನ್ನೆ, ನಮ್ಮ ಕಾಲದ ಮದುವೆ ಆಲ್ಬಮ್ ಥರಾನೇ. ನಾವು ಯಾವುದನ್ನ ದೋಷ ಅಂತಿದ್ವೋ ಅದನ್ನೇ ಅವರು ಚಂದ ಅಂತಿದಾರೆ. ಇರ್ಲಿ ಬಿಡಿ.

ಪ್ರಶ್ನೆ (ಹಾಸನದ ಹತ್ತಿರದ ಹಳ್ಳಿಯಿಂದ): ಅಜ್ಜಿ ತಿಥಿ ದಿನ ರಾತ್ರಿ ನಡುಮನೇಲಿ ಹಳೇ ಕ್ಯಾಮೆರಾದಲ್ಲಿ ಫೋಟೋ ತೆಗೆದ್ವಿ. ಅಜ್ಜಿ ಫೋಟೋ ಸುತ್ತ ಬಿಳಿ ಬಿಳಿ ಉಂಡೆ ಬಂದಿವೆ. ಅಜ್ಜಿ ಬಂದಿದ್ರು ಅಂತ ಅತ್ತೆ ಹೇಳ್ತಾರೆ. ಕ್ಯಾಮೆರಾ ದೋಷವಾ?

ಅತ್ತೆಯವರ ಹತ್ರ ನಾನು ಜಗಳಕ್ಕೆ ಬರಲ್ಲ. ಕ್ಯಾಮೆರಾ ಕೆಟ್ಟಿಲ್ಲ ಅಂತ ಮಾತ್ರ ಹೇಳ್ಬಲ್ಲೆ. ಜೇಬಿನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಇರೋದು ಲೆನ್ಸಿಗೆ ಎರಡು ಬೆರಳು ದೂರದಲ್ಲಿ. ಲೆನ್ಸ್ ಮುಂದೇನೇ ತೇಲೋ ಧೂಳಿನ ಕಣಕ್ಕೆ ಆ ಬೆಳಕು ಬಡಿದು ನೇರ ವಾಪಸ್ ಲೆನ್ಸಿಗೇ ಬರುತ್ತೆ, ಅಷ್ಟು ಹತ್ತಿರದ್ದು ಫೋಕಸ್ ಆಗಲ್ವಲ್ಲ, ಹಾಗಾಗಿ ಊದಿಕೊಂಡು ಗುಂಡಗೆ ಕಾಣುತ್ತೆ. ದೊಡ್ಡ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಮೇಲಿರೋದ್ರಿಂದ ಇದು ಕಮ್ಮಿ. ತಿಥಿ ದಿನ ಮನೆ ತುಂಬಾ ಜನ, ಓಡಾಟ, ಚಾಪೆ ಹಾಸಿ ತೆಗೆದು ಮಾಡಿರ್ತೀರಿ, ಧೂಳು ಎದ್ದಿರುತ್ತೆ. ನೋಡ್ಬೇಕು ಅಂದ್ರೆ ಇವತ್ತು ರಾತ್ರಿ ಅದೇ ನಡುಮನೇಲಿ ಒಂದು ಚಾಪೆ ಕೊಡವಿ, ತಕ್ಷಣ ಫ್ಲ್ಯಾಶ್ ಹಾಕಿ ಒಂದು ಫೋಟೋ, ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೀರಿ. ಎರಡನ್ನೂ ಅತ್ತೆಗೆ ತೋರಿಸೋದು ಬಿಡೋದು ನಿಮಗೆ ಬಿಟ್ಟಿದ್ದು.