ಅಕ್ಕ ಹಾಕುವ ಅರ್ಜಿ, ತಮ್ಮನ ಅಡಿಕೆ ತೋಟ

ಪ್ರಶ್ನೆ: ನಮ್ಮದು ಶಿರಸಿ ತಾಲೂಕು. ನನಗೆ 38 ವರ್ಷ. ಎರಡು ಎಕರೆ ಅಡಿಕೆ ತೋಟ ಇದೆ. ಮನೆಯಲ್ಲಿ ಆಯಿ (ತಾಯಿ), ಹೆಂಡತಿ, 11 ವರ್ಷದ ಮಗಳು, 4 ವರ್ಷದ ಮಗ. ಅಕ್ಕ ಟೆಕ್ಸಾಸ್‌ನಲ್ಲಿದ್ದಾಳೆ, ಕಳೆದ ವರ್ಷ ಅಮೆರಿಕದ ಸಿಟಿಜನ್ ಆದಳು. ‘ಇನ್ನು ನಿನ್ನನ್ನು ಕರೆಸಿಕೊಳ್ಳಬಹುದು, ಕಾಗದ ತಯಾರು ಮಾಡಿಡು’ ಎನ್ನುತ್ತಿದ್ದಾಳೆ. ಎಷ್ಟು ವರ್ಷ ಹಿಡಿಯುತ್ತದೆ? ಪರಿಚಯದ ಏಜೆಂಟರೊಬ್ಬರು 3 ಲಕ್ಷ ಕೊಟ್ಟರೆ 3 ವರ್ಷದಲ್ಲಿ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ಹೋಗುವುದೇ ಆದರೆ ಈ ಮಳೆಗಾಲಕ್ಕೆ ಹೊಸ ಸಸಿ ನೆಡುವುದು ಬೇಡ ಅಂತ ಮಾಡಿದ್ದೇನೆ. ತೋಟದಲ್ಲಿ ಅಕ್ಕನ ಪಾಲಿನ ಗತಿ ಏನು ಅಂತಲೂ ಗೊಂದಲ ಇದೆ.
– ಓದುಗ, ಶಿರಸಿ ತಾಲೂಕು

ಉತ್ತರ: ಮೊದಲು ಏಜೆಂಟರ ಮಾತು ಮುಗಿಸೋಣ. ಆ 3 ಲಕ್ಷ ಕೊಡಬೇಡಿ. ಒಡಹುಟ್ಟಿದವರ ಅರ್ಜಿಯನ್ನು ದುಡ್ಡು ಕೊಟ್ಟು ಮುಂದೆ ಹಾಕಿಸಲು ಯಾರಿಂದಲೂ ಆಗುವುದಿಲ್ಲ. ಇದು ಯಾರದೋ ಮೇಜಿನ ಮೇಲೆ ಸಿಕ್ಕಿಕೊಂಡ ಫೈಲಲ್ಲ, ಕಾನೂನೇ ಹಾಕಿದ ಸಾಲು. ಅರ್ಜಿ ಹಾಕಬೇಕಾದವಳು ನಿಮ್ಮ ಅಕ್ಕ, ನೀವಲ್ಲ. ಐ-130 ಎಂಬ ಫಾರಂ. 2024ರ ಏಪ್ರಿಲ್‌ನಿಂದ ಇದರ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675 ಡಾಲರ್. ಈ ಹಂತದಲ್ಲಿ ನಿಮ್ಮ ಕೈಯಿಂದ ಹೋಗುವ ಖರ್ಚು ಅಂದರೆ ಜನನ ಪ್ರಮಾಣಪತ್ರ, ನೋಟರಿ, ಝೆರಾಕ್ಸ್ ಅಷ್ಟೇ.

ಈಗ ಸಾಲಿನ ವಿಷಯ. ಗ್ರೀನ್ ಕಾರ್ಡ್ ಇದ್ದವರು ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಅರ್ಜಿ ಹಾಕುವಂತಿಲ್ಲ. 21 ವರ್ಷ ತುಂಬಿದ ಸಿಟಿಜನ್ ಮಾತ್ರ ಹಾಕಬಹುದು. ಇದು ಕುಟುಂಬ ವೀಸಾದ ನಾಲ್ಕನೇ ವರ್ಗ, ಎಲ್ಲಕ್ಕಿಂತ ಕೊನೆಯದು. ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 65,000 ವೀಸಾ. ಆ ಲೆಕ್ಕದಲ್ಲೇ ಹೆಂಡತಿ ಮಕ್ಕಳೂ ಬರುತ್ತಾರೆ. ಅದರ ಮೇಲೆ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಬೇರೆ. ಅಕ್ಕನ ಅರ್ಜಿ ಅಮೆರಿಕದ ವಲಸೆ ಕಚೇರಿಗೆ ತಲುಪಿದ ದಿನವೇ ನಿಮ್ಮ ‘ಪ್ರಯಾರಿಟಿ ಡೇಟ್’. ಪ್ರತಿ ತಿಂಗಳೂ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹಾಕುತ್ತದೆ. ಯಾವ ದಿನಾಂಕದ ತನಕದವರಿಗೆ ಸರದಿ ಬಂತು ಅಂತ ಅದರಲ್ಲಿ ಇರುತ್ತದೆ. 2025ರಲ್ಲಿ ಭಾರತದವರ ಪೈಕಿ ಸರದಿ ಸಿಕ್ಕಿದ್ದು 2006ರಲ್ಲಿ ಅರ್ಜಿ ಹಾಕಿದವರಿಗೆ. ಅಂದರೆ 19 ವರ್ಷ. ಇನ್ನೊಂದು ಮಾತನ್ನೂ ಗಟ್ಟಿ ಮನಸ್ಸಿನಿಂದ ಕೇಳಿ. 2015ರ ಆರಂಭದಲ್ಲಿ ಇದೇ ಸಾಲು 2002ರಲ್ಲಿತ್ತು. ಹತ್ತು ವರ್ಷದಲ್ಲಿ ಸಾಲು ಸರಿದದ್ದು ನಾಲ್ಕೇ ವರ್ಷದಷ್ಟು. ಹಾಗಾಗಿ ಇವತ್ತು ಅರ್ಜಿ ಹಾಕಿದವರು 19 ವರ್ಷಕ್ಕಿಂತ ಜಾಸ್ತಿಯೇ ಕಾಯಬೇಕಾಗುತ್ತದೆ ಅಂತ ತಿಳಿದುಕೊಂಡೇ ಮುಂದಿನ ಲೆಕ್ಕ ಹಾಕಿ.

ನಿಮ್ಮ ಕಾಗದದಲ್ಲಿ ನನಗೆ ತಟ್ಟಿದ್ದು ಸಸಿ ನೆಡುವುದಿಲ್ಲ ಎಂಬ ಆ ಒಂದು ಸಾಲು. ಅದಕ್ಕೆ ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ.

ನನ್ನ ತವರು ಸಿದ್ದಾಪುರ ತಾಲೂಕಿನ ತೋಟದ ಮನೆ. ಮದುವೆಯಾಗಿ 1992ರಲ್ಲಿ ನ್ಯೂಜೆರ್ಸಿಗೆ ಹೋದೆ, 2003ರಲ್ಲಿ ಸಿಟಿಜನ್ ಆದೆ. 2004ರ ಜನವರಿಯಲ್ಲಿ ನನ್ನ ತಮ್ಮನಿಗೆ ಅರ್ಜಿ ಹಾಕಿದೆ. ಅವತ್ತು ಫೋನಿನಲ್ಲಿ ಅವನು ‘ಎಷ್ಟು ವರ್ಷ ಆಗ್ತದೆ ಅಕ್ಕಾ?’ ಎಂದ. ನಾನು ಬುಲೆಟಿನ್ ತೆಗೆದೂ ನೋಡಿರಲಿಲ್ಲ. ‘ನಾಲ್ಕೈದು ವರ್ಷ ಇರಬಹುದು’ ಎಂದುಬಿಟ್ಟೆ. ಅಷ್ಟು ಸಾಕಾಯಿತು. ಆ ವರ್ಷ ನೆಡಬೇಕಿದ್ದ ಸಸಿಗಳನ್ನು ಅವನು ನೆಡಲಿಲ್ಲ. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು, ಅಷ್ಟರಲ್ಲಿ ತಾನು ಇಲ್ಲಿ ಇರುವುದಿಲ್ಲವಲ್ಲ ಅಂತ. ಅದರ ಮುಂದಿನ ವರ್ಷವೂ ಅದೇ ಮಾತು.

2011ರ ಮೇ ತಿಂಗಳಲ್ಲಿ ಊರಿಗೆ ಬಂದಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಏಕಾದಶಿ, ಸಂಕಷ್ಟಿಯ ಮನೆಗಳ ಪಕ್ಕದಲ್ಲಿ, ಪ್ರತಿ ತಿಂಗಳ ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದು ದಿನಾಂಕ ಬರೆದಿತ್ತು. ಬುಲೆಟಿನ್‌ನ ದಿನಾಂಕ. ಆ ವರ್ಷದ ಆರಂಭದಲ್ಲಿ ಸಾಲು ಮುಂದೆ ಹೋಗುವ ಬದಲು ಹಿಂದೆ ಸರಿದಿತ್ತು. ಹಾಗೂ ಆಗುತ್ತದೆ. ಆ ತಿಂಗಳ ದಿನಾಂಕದ ಕೆಳಗೆ ಅವನು ಎರಡು ಗೆರೆ ಎಳೆದಿದ್ದ, ಪೆನ್ಸಿಲಿನ ಮೊನೆ ಕಾಗದವನ್ನು ಹರಿದಿತ್ತು. ತೋಟಕ್ಕೆ ಇಳಿದರೆ ಮರಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಉಳಿದವು ಮುದಿ ಮರಗಳು, ತುದಿ ಸಪೂರ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಕೆಳಗೆ ನಿಂತು ಮೇಲೆ ನೋಡಿ, ‘ಇದಕ್ಕೆ ನಾ ಹತ್ತೂದಿಲ್ಲ’ ಎಂದ. ಮಾಡಿನ ಹಂಚು ಕೈಯಾಡಿಸಿ ಎಷ್ಟೋ ವರ್ಷವಾಗಿತ್ತು. ದೇವರ ಕೋಣೆಯಲ್ಲಿ ಸೋರುವ ಕಡೆ ಆಯಿ ತಾಮ್ರದ ಹಂಡೆ ಇಟ್ಟಿದ್ದಳು.

ತಮ್ಮನಿಗೆ ಮುಂಬೈನಲ್ಲಿ ವೀಸಾ ಸಂದರ್ಶನ ಆದದ್ದು 2018ರಲ್ಲಿ. 14 ವರ್ಷ. ಅವನು ಹೋದ, ಕೆಲಸ ಹಿಡಿದ, ಚೆನ್ನಾಗಿದ್ದಾನೆ. ಅರ್ಜಿ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಸಾಲು ಎಷ್ಟು ಉದ್ದ ಅಂತ ಮೊದಲ ದಿನವೇ ಹೇಳದೆ ಅವನ ಕೈಯಿಂದ 14 ಮಳೆಗಾಲ ಕಳೆಸಿದೆನಲ್ಲ, ಅದು ಇವತ್ತಿಗೂ ನೋಯುತ್ತದೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಅರ್ಜಿ ಹಾಕಿಸಿ, ಸಸಿಯನ್ನೂ ನೆಡಿ. ಈ ಮಳೆಗಾಲದಲ್ಲೇ ನೆಡಿ. ಆ ಮರಗಳು ಹತ್ತಾರು ಫಸಲು ಕೊಟ್ಟ ಮೇಲೆಯೇ ನಿಮ್ಮ ಸರದಿ ಬರುವುದು.

ಮಕ್ಕಳ ವಿಷಯ ಇದಕ್ಕಿಂತ ಕಷ್ಟದ್ದು. ನಿಮ್ಮ ಜೊತೆ ಹೆಂಡತಿ ಬರಬಹುದು. ಮದುವೆಯಾಗದ, 21 ತುಂಬದ ಮಕ್ಕಳು ಬರಬಹುದು. ವಯಸ್ಸು ಲೆಕ್ಕ ಹಾಕಲು 2002ರ ಒಂದು ಕಾನೂನು ಇದೆ. ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ ಅದರಲ್ಲಿ, ಐ-130 ಅರ್ಜಿ ಮಂಜೂರಾಗದೆ ಬಾಕಿ ಇದ್ದ ಅವಧಿಯನ್ನು ಕಳೆಯುತ್ತಾರೆ. ಅರ್ಜಿ ತಡವಾಗಿ ಮಂಜೂರಾದಷ್ಟೂ ಮಕ್ಕಳಿಗೆ ಒಳ್ಳೆಯದು ಅಂದ ಹಾಗಾಯಿತು. ನನ್ನ ತಮ್ಮನ ಅರ್ಜಿ 5 ವರ್ಷ 2 ತಿಂಗಳು ಬಾಕಿ ಇತ್ತು. ಸರದಿ ಬಂದಾಗ ಅವನ ಚಿಕ್ಕ ಮಗಳಿಗೆ 22. ಕಳೆದರೆ 17ರ ಆಸುಪಾಸು, ಅವಳಿಗೆ ವೀಸಾ ಸಿಕ್ಕಿತು. ದೊಡ್ಡವಳಿಗೆ 26 ವರ್ಷ 8 ತಿಂಗಳು. ಕಳೆದರೂ 21 ವರ್ಷ 6 ತಿಂಗಳು. ಆರು ತಿಂಗಳಿನಲ್ಲಿ ತಪ್ಪಿತು. ಅವಳು ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ ಅಮ್ಮ ತಂಗಿ ಆ ಕಡೆ, ಇವಳೊಬ್ಬಳು ಈ ಕಡೆ. ಮುಂಬೈನಿಂದ ಮೂರೇ ಪಾಸ್‌ಪೋರ್ಟ್ ವೀಸಾ ಆಗಿ ಬಂದ ದಿನ ಅವಳು ಏನೂ ಹೇಳಲಿಲ್ಲ. ಎದ್ದು ಎಲ್ಲರಿಗೂ ಚಾ ಮಾಡಿ ತಂದಳು.

ನಿಮ್ಮ ಮಗಳಿಗೆ ಈಗಲೇ 11. ಅವಳು ನಿಮ್ಮ ಅರ್ಜಿಯಲ್ಲಿ ಬರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಅವಳಿಗೆ ಅಮೆರಿಕದ ಆಸೆ ಹುಟ್ಟಿಸಬೇಡಿ. ಮುಂದೆ ಅವಳೇ ಓದಿಗೋ ಕೆಲಸಕ್ಕೋ ಹೋದರೆ ಅದು ಬೇರೆ ದಾರಿ. ಮಗನದು ಹೇಳಲಾಗದು. ಸಾಲು ಹೇಗೆ ಸರಿಯುತ್ತದೆ, ಅರ್ಜಿ ಎಷ್ಟು ವರ್ಷ ಬಾಕಿ ಇರುತ್ತದೆ ಎನ್ನುವುದರ ಮೇಲೆ ನಿಂತಿದೆ. ಹೋಗುವುದೇ ಮಕ್ಕಳಿಗಾಗಿ ಅಂತಿದ್ದರೆ, ಗಂಡ ಹೆಂಡತಿ ಇವತ್ತೇ ಕೂತು ಮಾತಾಡಿ.

ಇನ್ನು ಕಾಗದಪತ್ರ. ನೀವೂ ಅಕ್ಕನೂ ಒಂದೇ ತಂದೆ ತಾಯಿಯ ಮಕ್ಕಳು ಅಂತ ತೋರಿಸಬೇಕು, ಅದಕ್ಕೆ ಇಬ್ಬರ ಜನನ ಪ್ರಮಾಣಪತ್ರ ಬೇಕು. ನಮ್ಮ ಕಡೆಯ ಮನೆಗಳಲ್ಲಿ ಇಲ್ಲೇ ಒಂದು ತೊಡಕು ಇದೆ. ನಮ್ಮಲ್ಲಿ ಹಿಂದೆ ಮದುವೆಯಲ್ಲಿ ಹೆಣ್ಣಿಗೆ ಹೆಸರು ಬದಲಿಸುತ್ತಿದ್ದರು ಅಲ್ವಾ? ಮೊದಲ ಬಾಣಂತನ ತವರಿನಲ್ಲಿ. ಹಾಗಾಗಿ ನಾನು ಹುಟ್ಟಿದಾಗ ಅಜ್ಜನ ಮನೆಯ ಊರಿನ ದಾಖಲೆಯಲ್ಲಿ ಆಯಿಯ ತವರಿನ ಹೆಸರು ಬರೆಸಿದ್ದರು. ತಮ್ಮ ಹುಟ್ಟಿದ್ದು ಅಪ್ಪಯ್ಯನ ಮನೆಯಲ್ಲಿ, ಅಲ್ಲಿ ಮದುವೆಯ ಹೆಸರು. ಕಾಗದದ ಪ್ರಕಾರ ನಮಗಿಬ್ಬರಿಗೂ ತಾಯಿ ಬೇರೆ ಬೇರೆ! ಅಮೆರಿಕದಿಂದ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬಂತು. ಕೊನೆಗೆ ಎರಡೂ ಹೆಸರು ಒಬ್ಬಳದೇ ಅಂತ ಆಯಿಯಿಂದ ಒಂದು ಅಫಿಡವಿಟ್, ಸೋದರಮಾವನಿಂದ ಒಂದು ಅಫಿಡವಿಟ್ ಮಾಡಿಸಿದೆವು. ಜೊತೆಗೆ ನಮ್ಮಿಬ್ಬರ ಶಾಲೆಯ ದಾಖಲೆ, ಹಳೇ ರೇಷನ್ ಕಾರ್ಡ್ ಇಟ್ಟೆವು. ಮಾವನಿಗೆ ಆಗ 78. ಬಸ್ಸಿನಲ್ಲಿ ಶಿರಸಿಗೆ ಬಂದು, ನೋಟರಿಯ ಮುಂದೆ ಕನ್ನಡಕ ಒರೆಸಿಕೊಂಡು, ಬರೆದದ್ದನ್ನು ಎರಡು ಸಲ ಓದಿಸಿ ಕೇಳಿಯೇ ಸಹಿ ಹಾಕಿದ.

ಆದ್ದರಿಂದ ಅಕ್ಕ ಅರ್ಜಿ ಹಾಕುವ ಮೊದಲೇ ಎಲ್ಲ ಕಾಗದ ಒಂದು ಕಡೆ ಹರಡಿಕೊಂಡು ಹೆಸರು, ದಿನಾಂಕ ಹೋಲಿಸಿ. ಇನಿಷಿಯಲ್, ಅಡ್ಡಹೆಸರು ಕೂಡ. ಜನನ ನೋಂದಣಿಯೇ ಆಗಿಲ್ಲದಿದ್ದರೆ, ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಒಂದು ವರ್ಷ ದಾಟಿದ ಜನನವನ್ನು ಈಗ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಿಮ್ಮ ಆಯಿ ಗಟ್ಟಿಯಾಗಿದ್ದಾರಲ್ಲ, ಅವರ ಅಫಿಡವಿಟ್ ಈಗಲೇ ಮಾಡಿಸಿಡಿ. ಇಪ್ಪತ್ತು ವರ್ಷದ ಮೇಲೆ ಹೇಳುವವರು ಯಾರಿರುತ್ತಾರೆ?

ಅಕ್ಕನ ಜವಾಬ್ದಾರಿಯೂ ಸಣ್ಣದಲ್ಲ. ಸರದಿ ಬಂದಾಗ ಅವಳು ನಿಮ್ಮ ಜೀವನದ ಖರ್ಚಿನ ಹೊಣೆ ಹೊರುವ ಐ-864 ಎಂಬ ಪತ್ರಕ್ಕೆ ಸಹಿ ಹಾಕಬೇಕು. ಅವಳ ಮನೆಯವರು, ನಿಮ್ಮ ಮನೆಯವರು ಸೇರಿ ಎಷ್ಟು ಜನವೋ ಅಷ್ಟಕ್ಕೆ, ಅಮೆರಿಕ ಸರ್ಕಾರದ ಬಡತನ ಮಟ್ಟದ ಶೇ. 125ರಷ್ಟಾದರೂ ಆದಾಯ ತೋರಿಸಬೇಕು. ಸಾಲದಿದ್ದರೆ ಇನ್ನೊಬ್ಬರು ಜೊತೆಗೆ ಸಹಿ ಹಾಕಬಹುದು. ಆಗ ಅವಳ ವಾಸ ಅಮೆರಿಕದಲ್ಲೇ ಇರಬೇಕು. ನಾನೂ ತಮ್ಮನ ಕೆಲಸ ಮುಗಿದ ಮೇಲೆಯೇ, 2021ರಲ್ಲಿ, ಕಾರವಾರಕ್ಕೆ ಬಂದು ಕೋಡಿಬಾಗದಲ್ಲಿ ಮನೆ ಮಾಡಿದ್ದು. ಅರ್ಜಿ ಹಾಕಿದವರು ನಡುವೆ ತೀರಿಕೊಂಡರೆ ಸಾಮಾನ್ಯವಾಗಿ ಅರ್ಜಿಯೂ ಅಲ್ಲಿಗೇ ನಿಲ್ಲುತ್ತದೆ. ವಿಳಾಸ, ಇಮೇಲ್ ಬದಲಾದಾಗೆಲ್ಲ ತಿಳಿಸುತ್ತಿರಬೇಕು. ಸರದಿಯ ನೋಟಿಸ್ ಬಂದು ಒಂದು ವರ್ಷ ಯಾರೂ ಉತ್ತರಿಸದಿದ್ದರೆ ಅಷ್ಟು ವರ್ಷ ಕಾದ ಅರ್ಜಿಯೇ ರದ್ದಾಗಬಹುದು.

ಕೊನೆಗೆ ತೋಟ. ಅಕ್ಕ ಅಲ್ಲಿ ಸಿಟಿಜನ್ ಆದಾಗಲೇ ಭಾರತದ ಪೌರತ್ವ ಹೋಯಿತು. ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲ. ಹಳೇ ಪಾಸ್‌ಪೋರ್ಟ್ ಒಪ್ಪಿಸಬೇಕು. ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಒಸಿಐ ಇದ್ದವರು ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಆದರೆ ಪಿತ್ರಾರ್ಜಿತವಾಗಿ ಬಂದದ್ದು ಅವಳದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಊರು ಬಿಟ್ಟಳೆಂದು ಅದು ಹೋಗುವುದಿಲ್ಲ. ಮಾರುವುದಾದರೆ ಇಲ್ಲೇ ವಾಸ ಇರುವ ಭಾರತೀಯ ಪ್ರಜೆಗೆ ಮಾರಬೇಕು. ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ‘ಅರ್ಜಿ ಹಾಕುತ್ತಾಳೆ, ಅದಕ್ಕೆ ಪಾಲು ಬಿಟ್ಟುಕೊಡಲಿ’ ಅಂತಲೋ, ‘ಅರ್ಜಿ ಹಾಕಿದ್ದಕ್ಕೆ ಪಾಲು ಕೊಡು’ ಅಂತಲೋ ಎರಡನ್ನೂ ಬೆರೆಸಬೇಡಿ. ಪಾಲಿನ ಮಾತನ್ನು ಆಯಿಯ ಎದುರಿಗೇ ಬೇರೆಯಾಗಿ ಆಡಿ ಮುಗಿಸಿ.

ಪ್ರಶ್ನೆ: ಅಣ್ಣ 2009ರಲ್ಲಿ ನನಗೆ ಅರ್ಜಿ ಹಾಕಿದ್ದಾನೆ. ನನ್ನ ಹೆಂಡತಿ ಹುಟ್ಟಿದ್ದು ಕುವೈತ್‌ನಲ್ಲಿ, ಪಾಸ್‌ಪೋರ್ಟ್ ಭಾರತದ್ದೇ. ಇದರಿಂದ ಏನಾದರೂ ಉಪಯೋಗ ಇದೆಯಾ?
– ಓದುಗ, ಭಟ್ಕಳ

ಉತ್ತರ: ಇದೆ. ದೇಶದ ಮಿತಿಗೆ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ದೇಶವನ್ನು. ಗಂಡ ಹೆಂಡತಿ ಇಬ್ಬರೂ ವಲಸೆ ಹೋಗುವುದಾದರೆ, ಇಬ್ಬರಲ್ಲಿ ಯಾರು ಹುಟ್ಟಿದ ದೇಶದ ಸಾಲು ಮುಂದಿದೆಯೋ ಅದನ್ನು ಬಳಸಿಕೊಳ್ಳಬಹುದು. 2025ರ ಅಕ್ಟೋಬರ್‌ನಲ್ಲಿ ಭಾರತದ ಸಾಲು 2006ರಲ್ಲಿದ್ದಾಗ ಕುವೈತ್ ಸೇರಿದ ಸಾಮಾನ್ಯ ಸಾಲು 2008ರ ಆರಂಭಕ್ಕೆ ಬಂದಿತ್ತು. ನಿಮ್ಮದು 2009, ಹತ್ತಿರವೇ ಇದ್ದೀರಿ. ಹೆಂಡತಿಯ ಕುವೈತಿನ ಜನನ ಪ್ರಮಾಣಪತ್ರ ಕೈಯಲ್ಲಿದೆಯಾ ಅಂತ ಇವತ್ತೇ ನೋಡಿ. ಅವರಾಗಿ ಕೇಳಲಿ ಅಂತ ಸುಮ್ನೆ ಕೂರಬೇಡಿ. ಸಾಮಾನ್ಯ ಸಾಲು 2009 ಮುಟ್ಟಿದ ತಿಂಗಳೇ ಆ ಪ್ರಮಾಣಪತ್ರದ ಪ್ರತಿಯೊಂದಿಗೆ ನೀವೇ ನ್ಯಾಷನಲ್ ವೀಸಾ ಸೆಂಟರ್‌ಗೆ (ಸಂದರ್ಶನಕ್ಕೆ ಮೊದಲು ಕಾಗದಪತ್ರ ನೋಡುವ ಅಮೆರಿಕದ ಕಚೇರಿ) ಬರೆದು ತಿಳಿಸಿ.

ಪ್ರಶ್ನೆ: ಅಕ್ಕನ ಮಗಳ ಮದುವೆಗೆ ಪ್ರವಾಸಿ ವೀಸಾ ಮೇಲೆ ಹೋಗಬೇಕು. ಅಕ್ಕ 2013ರಲ್ಲೇ ನನಗೆ ಅರ್ಜಿ ಹಾಕಿದ್ದಾಳೆ. ಫಾರಂನಲ್ಲಿ ‘ನಿಮಗಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರಾ’ ಅಂತ ಪ್ರಶ್ನೆ ಇದೆ. ‘ಇಲ್ಲ’ ಎಂದು ಬರೆದರೆ ವೀಸಾ ಸುಲಭ ಅಂತ ಹೇಳುತ್ತಾರೆ. ಏನು ಮಾಡಲಿ?
– ಓದುಗಿ, ಕಾರವಾರ

ಉತ್ತರ: ‘ಇಲ್ಲ’ ಎಂದು ಬರೆಯಲೇಬೇಡಿ. ಅಕ್ಕನ ಅರ್ಜಿ ಅವರ ದಾಖಲೆಯಲ್ಲಿ ಇದ್ದೇ ಇದೆ. ಸುಳ್ಳು ಹೇಳಿದ್ದೀರಿ ಅಂತ ಆದರೆ ಈ ವೀಸಾ ಮಾತ್ರವಲ್ಲ, ಮುಂದೆ ಸರದಿ ಬಂದಾಗ ಸಿಗಬೇಕಾದ ವಲಸೆ ವೀಸಾಕ್ಕೂ ಜೀವನಪೂರ್ತಿ ಅಡ್ಡಿಯಾಗಬಹುದು. ಅರ್ಜಿ ಇದೆ ಅಂದ ಮಾತ್ರಕ್ಕೆ ಪ್ರವಾಸಿ ವೀಸಾ ಸಿಗುವುದಿಲ್ಲ ಅಂತೇನೂ ಇಲ್ಲ. ಮದುವೆ ಮುಗಿಸಿ ವಾಪಸ್ ಬರುತ್ತೀರಿ ಅಂತ ಅಧಿಕಾರಿಗೆ ನಂಬಿಕೆ ಬರಬೇಕು, ಅಷ್ಟೇ. ನಿಮ್ಮ ಕೆಲಸ, ರಜೆಯ ಪತ್ರ, ಇಲ್ಲಿ ಓದುತ್ತಿರುವ ಮಕ್ಕಳು, ಮನೆ, ಎಲ್ಲದರ ಕಾಗದ ಜೊತೆಗಿರಲಿ. ಅವರು ಕೇಳದೆಯೂ ಇರಬಹುದು, ಕೇಳಿದರೆ ತೆಗೆದುಕೊಡುವ ಹಾಗಿರಲಿ. ಅರ್ಜಿಯ ಬಗ್ಗೆ ಕೇಳಿದರೆ ಇದ್ದದ್ದನ್ನೇ ಹೇಳಿ: ‘ಅಕ್ಕ 2013ರಲ್ಲಿ ಹಾಕಿದ್ದಾಳೆ, ಸರದಿ ಇನ್ನೂ ದೂರ ಇದೆ, ಈಗ ಮದುವೆಗೆ ಹೋಗುತ್ತಿದ್ದೇನೆ.’ ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಅದಕ್ಕೆ ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮದುವೆಯ ಕರೆಯೋಲೆಯ ಒಂದು ಪ್ರತಿ ಮರೆಯದೆ ಇಟ್ಟುಕೊಳ್ಳಿ.