ಸೂತಕವಿಲ್ಲದ ಸಾವು: ಒಂದು ಆಪ್ತಸಲಹೆ ಪ್ರಕರಣ

ಇದು ಶಿರಸಿ ತಾಲೂಕಿನ ಒಂದು ತೋಟದ ಮನೆಯ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಾಯಿಯ ಹೆಸರೂ ಬೇರೆಯದೇ. ನಮ್ಮ ಹಳ್ಳಿಗಳಲ್ಲಿ ನಾಯಿಯ ಹೆಸರು ಹೇಳಿದರೆ ಸಾಕು, ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ.

ಬಂದವರಿಗೆ ಅರವತ್ತರ ಆಸುಪಾಸು. ಇಲ್ಲಿ ಅವರನ್ನು ಅಕ್ಕ ಎನ್ನುತ್ತೇನೆ. ಕರೆತಂದವಳು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು. ದೀಪಾವಳಿಗೆಂದು ಊರಿಗೆ ಬಂದವಳು ರಜೆ ಮುಂದುವರಿಸಿ ಉಳಿದುಕೊಂಡಿದ್ದಳು. ದೊಡ್ಡಹಬ್ಬದ ದಿನ ಆಕಳುಗಳಿಗೆ ಅಡಿಕೆ ಹಾರ ಮಾಡುತ್ತ ಕೂತಿದ್ದ ಆಯಿ, ಅಂದರೆ ಈ ಅಕ್ಕ, ಇದ್ದಕ್ಕಿದ್ದ ಹಾಗೆ ಹಾರ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಪ್ರತಿ ವರ್ಷ ಉಳಿದ ದಾರದಲ್ಲಿ ಒಂದು ಚಿಕ್ಕ ಹಾರ ಮಾಡಿ ನಾಯಿ ಕರಿಯನ ಕುತ್ತಿಗೆಗೂ ಹಾಕುವುದು ಆ ಮನೆಯ ರೂಢಿ. ಕರಿಯ ಸತ್ತು ಆಗಲೇ ಮೂರು ತಿಂಗಳಾಗಿತ್ತು.

"ನಾಯಿ ಸತ್ತಿದ್ದಕ್ಕೆ ಡಾಕ್ಟರ ಹತ್ರ ಹೋಗ್ತಾರಾ ಅಂತ ಊರವರು ನಗ್ತಾರೆ ತಂಗಿ" ಎಂದರು ಅಕ್ಕ. ಬಂದದ್ದು ನಿದ್ದೆ ಬರುವುದಿಲ್ಲ ಅಂತ, ಅಷ್ಟೇ ಬರೆದುಕೊಳ್ಳಿ ಎಂದರು. ಹಾಗೇ ಬರೆದುಕೊಂಡೆ.

ನಿದ್ದೆ ನಿಜವಾಗಿಯೂ ಕೆಟ್ಟಿತ್ತು. ಬಿಪಿ ಮಾತ್ರೆ ತಪ್ಪಿಸುತ್ತಿದ್ದರು. ನಾದಿನಿಯ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ನುಂಗುತ್ತಿದ್ದರು. ಮೊದಲು ಅವರ ಖಾಯಂ ಡಾಕ್ಟರ ಹತ್ತಿರ ಕಳಿಸಿದೆ. ಬಿಪಿ, ಥೈರಾಯ್ಡ್, ರಕ್ತ ಎಲ್ಲ ನೋಡಿಸಿದ್ದಾಯಿತು. ಇನ್ನೊಬ್ಬರಿಗೆ ಬರೆದ ನಿದ್ದೆ ಮಾತ್ರೆಯನ್ನು ಯಾರೂ ಹೀಗೆ ತೆಗೆದುಕೊಳ್ಳಬಾರದು. ದಿನಾ ತೆಗೆದುಕೊಂಡು ರೂಢಿಯಾದವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಡಲೂ ಬಾರದು.

ಮುಂದಿನ ಭೇಟಿಯಲ್ಲಿ ಮಾತು ಅಡುಗೆಮನೆಗೆ ಬಂತು. ದಿನಾ ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಎರೆಯುವಾಗ ಮೊದಲನೆಯದು ಕಾವಲಿಗೆ ಅಂಟಿ ಹರಿಯುತ್ತದೆ. ಅದು ಕರಿಯನ ಪಾಲು. ಹನ್ನೆರಡು ವರ್ಷ ಹಾಗೇ ನಡೆದಿತ್ತು. ಎರಡನೆಯದು ಎರೆಯುವ ಹೊತ್ತಿಗೆ ಅದು ಹಿತ್ತಿಲ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತಿತ್ತಂತೆ. ಈಗಲೂ ಅಕ್ಕ ಮೊದಲನೆಯದನ್ನು ಬಾಳೆ ಎಲೆಯ ಕೀಳಿನಲ್ಲಿ ಬದಿಗಿಡುತ್ತಾರೆ. ಯಜಮಾನರು ಆಸರಿ ಕುಡಿದು ತೋಟಕ್ಕೆ ಹೋದ ಮೇಲೆ, ಯಾರೂ ಇಲ್ಲ ಅಂತ ನೋಡಿಕೊಂಡು ಕಾಗೆಗೆ ಹಾಕುತ್ತಾರೆ.

"ಇದು ತಲೆ ಕೆಟ್ಟಿದ್ದರ ಲಕ್ಷಣವಾ?" ಎಂದು ಕೇಳಿದರು. ಅಲ್ಲವೇ ಅಲ್ಲ ಎಂದೆ. ಹನ್ನೆರಡು ವರ್ಷ ಕೈ ಮಾಡಿದ ಕೆಲಸ ಮೂರು ತಿಂಗಳಲ್ಲಿ ಹೇಗೆ ನಿಲ್ಲುತ್ತದೆ? ಕದ್ದು ಮಾಡುವುದೊಂದನ್ನು ಬಿಡಿ, ಎಲ್ಲರ ಎದುರೇ ಹಾಕಿ ಎಂದೆ. ಅವರು ಅಳತೊಡಗಿದ್ದು ಆಗ.

ಅಳುವಿನ ಜೊತೆ ಇನ್ನೊಂದು ವಿಷಯವೂ ಹೊರಗೆ ಬಂತು. ಕರಿಯನಿಗೆ ಕಿಡ್ನಿ ಹೋಗಿತ್ತು. ಅನ್ನ ಬಿಟ್ಟಿತ್ತು, ವಾಂತಿ, ಬಾಯಿ ವಾಸನೆ, ಕೊನೆಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ದನದ ಡಾಕ್ಟ್ರು ಜಗಲಿಯ ಮೇಲೆ ಕೂತು, ಇನ್ನು ನರಳಿಸುವುದು ಬೇಡ ಎಂದರು. ಯಜಮಾನರು ಮಾತಾಡಲಿಲ್ಲ. "ಆಯ್ತು ಅಂದವಳು ನಾನು. ನಾನೇ ಕೊಂದೆ ತಂಗಿ. ಅದಕ್ಕೂ ಮೊದಲು, ಅದು ನೀರು ಜಾಸ್ತಿ ಕುಡೀತಿತ್ತು. ಬಿಸಿಲಿಗೆ ಅಂದ್ಕೊಂಡೆ. ಆಗ್ಲೇ ಗೊತ್ತಾಗಿದ್ರೆ..."

ಸಾಕಿದ ಪ್ರಾಣಿ ಸತ್ತಾಗ ಬರುವ ದುಃಖದಲ್ಲಿ ಈ ಅಪರಾಧಭಾವ ತುಂಬ ಗಟ್ಟಿ. ಮನುಷ್ಯರ ವಿಷಯದಲ್ಲಿ ಇಂಥ ತೀರ್ಮಾನವನ್ನು ನಾವು ತೆಗೆದುಕೊಳ್ಳುವುದಿಲ್ಲ. ನಾಯಿಗೆ ತೆಗೆದುಕೊಳ್ಳಬೇಕಾಗುತ್ತದೆ, ಅದರ ಒಪ್ಪಿಗೆ ಕೇಳುವ ದಾರಿಯೂ ಇಲ್ಲ. ಇಂಥವರಿಗೆ "ಬೇಜಾರು ಮಾಡ್ಕೋಬೇಡಿ, ನಿಮ್ಮ ತಪ್ಪಿಲ್ಲ" ಎಂದು ನಾನು ಹೇಳಿದರೆ ಅದು ಕಿವಿಗೂ ಹೋಗುವುದಿಲ್ಲ. ಗೊತ್ತಿದ್ದವರೇ ಹೇಳಬೇಕು. ಅದಕ್ಕೇ ಅದೇ ದನದ ಡಾಕ್ಟ್ರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ ಬನ್ನಿ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಮೊದಲೇ ಗೊತ್ತಾಗಿದ್ದರೆ ಉಳಿಸಬಹುದಿತ್ತೇ? ಇಂಜೆಕ್ಷನ್ ಕೊಟ್ಟಾಗ ಅದಕ್ಕೆ ನೋವಾಯಿತೇ?

ಉತ್ತರ ತಂದರು. ನಾಯಿಯ ಕಿಡ್ನಿ ಹೆಚ್ಚು ಕಡಿಮೆ ಮುಕ್ಕಾಲು ಭಾಗ ಕೆಟ್ಟ ಮೇಲೇ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿದ್ದು ಕಾಣುವುದು. ಹಾಗೆ ಕೆಟ್ಟ ಕಿಡ್ನಿ ಮತ್ತೆ ಮೊದಲಿನಂತೆ ಆಗುವುದಿಲ್ಲ. ಬೇಗ ಗೊತ್ತಾಗಿದ್ದರೆ ಪಥ್ಯ ಮಾಡಿಸಿ ಕೆಲವು ತಿಂಗಳು ಮುಂದೆ ಹಾಕಬಹುದಿತ್ತೇನೋ, ವಾಸಿ ಮಾಡಲು ಆಗುತ್ತಿರಲಿಲ್ಲ. ಇಂಜೆಕ್ಷನ್ ಅಂದರೆ ಅರಿವಳಿಕೆಯ ಔಷಧವೇ, ಪ್ರಮಾಣ ಜಾಸ್ತಿ, ಅಷ್ಟೇ. ಮೊದಲು ಎಚ್ಚರ ತಪ್ಪುತ್ತದೆ, ಉಸಿರು ನಿಲ್ಲುವುದು ಆಮೇಲೆ. ಇದನ್ನೆಲ್ಲ ಅಕ್ಕ ಪಾಠ ಒಪ್ಪಿಸಿದ ಹಾಗೆ ನನಗೆ ಹೇಳಿದರು. ಆ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತಂತೆ.

ಇಷ್ಟಾದರೂ ಇವರ ದುಃಖದ ತೂಕಕ್ಕೆ ಕರಿಯನೊಬ್ಬನೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಕರಿಯ ಎಲ್ಲಿಂದ ಬಂದದ್ದು ಎಂದು ಕೇಳಿದೆ. "ಕುಮಟಾದಿಂದ. ನನ್ನ ಗೆಳತಿ ಕೊಟ್ಟಿದ್ದು. ಬುಟ್ಟಿಯಲ್ಲಿಟ್ಟು ಬಸ್ಸಲ್ಲಿ ತಂದೆ. ದೇವಿಮನೆ ಘಟ್ಟ ಹತ್ತೋವರೆಗೂ ಕುಂಯ್ ಕುಂಯ್ ಅಂತಿತ್ತು." ಆ ಗೆಳತಿ ಈಗ ಹೇಗಿದ್ದಾರೆ ಎಂದೆ. ಇಲ್ಲ ಎಂದರು.

ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಮದುವೆಯಾಗಿ ಒಬ್ಬರು ಘಟ್ಟದ ಮೇಲೆ, ಒಬ್ಬರು ಘಟ್ಟದ ಕೆಳಗೆ. ನಲವತ್ತು ವರ್ಷ ಫೋನು, ಪತ್ರ, ಜಾತ್ರೆಯಲ್ಲಿ ಭೇಟಿ. 2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ, ಲಾಕ್‌ಡೌನ್. ಬೆಳಿಗ್ಗೆ ವಾಟ್ಸಾಪಿನಲ್ಲಿ ಸುದ್ದಿ ಬಂತು. ಘಟ್ಟ ಇಳಿಯುವ ಹಾಗಿರಲಿಲ್ಲ. ಇಳಿದರೂ ಮುಖ ನೋಡಲು ಸಿಗುತ್ತಿರಲಿಲ್ಲ. ಅಕ್ಕ ಫೋನು ಕೆಳಗಿಟ್ಟು ಕಾವಲಿಗೆ ಎಣ್ಣೆ ಸವರಿ ತೆಳ್ಳೇವು ಎರೆದರು. ಮಧ್ಯಾಹ್ನ ಯಜಮಾನರಿಗೆ ಹೇಳಿದರು. ಅವರು "ಅಯ್ಯೋ ಪಾಪ" ಎಂದರು. ಮುಗಿಯಿತು.

ನಮ್ಮಲ್ಲಿ ಮನೆಯವರು ಸತ್ತರೆ ಏನು ಮಾಡಬೇಕು ಎಂಬುದಕ್ಕೆಲ್ಲ ಕ್ರಮ ಇದೆ. ಸೂತಕ ಇದೆ, ಹನ್ನೆರಡು ಹದಿಮೂರು ದಿನದ ಕೆಲಸ ಇದೆ, ಬಂದು ಹೋಗುವ ಜನ ಇದ್ದಾರೆ. ಅಡುಗೆ ಮಾಡಲಿಲ್ಲ ಯಾಕೆ, ಹಬ್ಬಕ್ಕೆ ಬರಲಿಲ್ಲ ಯಾಕೆ ಅಂತ ಯಾರೂ ಕೇಳುವುದಿಲ್ಲ. ಕೊಟ್ಟಿಗೆಯ ಆಕಳು ಸತ್ತರೂ ಅಕ್ಕಪಕ್ಕದವರು ಬಂದು ಎರಡು ಮಾತಾಡಿ ಹೋಗುತ್ತಾರೆ. ಗೆಳತಿ ಸತ್ತರೆ "ಅವರು ನಿಮಗೆ ಏನಾಗಬೇಕು?" ಎಂಬ ಪ್ರಶ್ನೆ ಬರುತ್ತದೆ. ನಾಯಿ ಸತ್ತರೆ ಅದೂ ಇಲ್ಲ. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲೇ ಇದನ್ನು ಬರೆದಿದ್ದಾರೆ. ಸಮಾಜ ಒಪ್ಪದ ದುಃಖವನ್ನು ಮನುಷ್ಯ ಒಬ್ಬನೇ ಹೊರಬೇಕಾಗುತ್ತದೆ, ಅದಕ್ಕೇ ಅದು ಬೇಗ ಇಳಿಯುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಅಕ್ಕನ ವಿಷಯದಲ್ಲಿ ಕರಿಯ ಇರುವವರೆಗೆ ಗೆಳತಿಯದೊಂದು ತುಣುಕು ಮನೆಯಲ್ಲಿ ಓಡಾಡುತ್ತಿತ್ತು. ಅದೂ ಹೋದ ಮೇಲೆ ಎರಡು ಸಾವಿನ ಅಳು ಒಟ್ಟಿಗೇ ಬಂತು.

ಈ ಹಿಂದೆ ಯಾರಿಗಾದರೂ ಮನಸ್ಸು ಬಿಚ್ಚಿ ಅತ್ತಿದ್ದೀರಾ ಎಂದು ಕೇಳಿದೆ. ಥಟ್ಟನೆ "ಚಿಟ್ಟಾಣಿಗೆ" ಎಂದರು!

ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನಮ್ಮ ಜಿಲ್ಲೆಯವರಿಗೆ ಪರಿಚಯಿಸಬೇಕಿಲ್ಲ. 2012ರಲ್ಲಿ ಪದ್ಮಶ್ರೀ ಬಂದಾಗ ಸ್ವಂತ ಮನೆಯವರಿಗೇ ಬಂತೆಂದು ಕುಣಿದವರಿದ್ದಾರೆ. ಅವರ ಭಸ್ಮಾಸುರ, ಕೀಚಕ ನೋಡಲು ಈ ಗೆಳತಿಯರು ಕಂಬಳಿ ಹೊದ್ದು ಬೆಳಗಾಗುವವರೆಗೆ ಕೂತವರು. 2017ರ ಅಕ್ಟೋಬರ್ 3ರಂದು ಅವರು ತೀರಿಕೊಂಡಾಗ ಕುಮಟಾದಿಂದ ಫೋನು ಬಂತು. ಒಂದೊಂದೇ ವೇಷ ನೆನಪು ಮಾಡಿಕೊಂಡರು. ಯಾವ ಊರಲ್ಲಿ ನೋಡಿದ್ದು, ಯಾವ ಪದ್ಯಕ್ಕೆ ಎಷ್ಟು ಹೊತ್ತು ಕುಣಿದರು, ಮಳೆ ಬಂದು ಆಟ ನಿಂತದ್ದು. ಅತ್ತರು, ಆಮೇಲೆ ನಕ್ಕರು, ಮತ್ತೆ ಅತ್ತರು.

"ನೋಡಿ ಅಕ್ಕ, ದುಃಖ ಮಾಡೋಕೆ ನಿಮಗೆ ಚೆನ್ನಾಗಿ ಗೊತ್ತಿದೆ. ಆವತ್ತು ಜೊತೆಗೊಬ್ಬರು ಇದ್ರು. ಈ ಸಲ ಜೊತೆಗೆ ಯಾರೂ ಇಲ್ಲ" ಎಂದೆ.

ಮೆಚ್ಚಿನ ಕಲಾವಿದರಿಗೆ ಅಳುವವರನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, ಅವರನ್ನು ಒಮ್ಮೆಯೂ ಎದುರು ನೋಡದವರು ಕಾರವಾರದಲ್ಲೂ ಅತ್ತರು, ಶಿರಸಿಯಲ್ಲೂ ಅತ್ತರು. ನಿಮಗೆ ಅವರು ಏನಾಗಬೇಕು ಅಂತ ಯಾರೂ ಕೇಳಲಿಲ್ಲ. ಅವರ ಕಣ್ಣು ದಾನವಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರು ರಾಜ್ಯದಲ್ಲಿ ಹೆಚ್ಚಿದರು. ಜನ ಒಟ್ಟಿಗೆ ಅತ್ತರೆ, ಆ ಅಳುವಿಗೆ ಮಾಡಲು ಒಂದು ಕೆಲಸವೂ ಸಿಕ್ಕರೆ, ಎಷ್ಟು ಹಗುರಾಗುತ್ತದೆ ಅಂತ ಆಗ ಕಣ್ಣಾರೆ ಕಂಡೆವು. ಅಕ್ಕನಿಗೂ ಅಂಥದೇ ಏರ್ಪಾಡು ಆಗಬೇಕಿತ್ತು, ಮನೆಮಟ್ಟಿಗೆ.

ಕುಮಟಾಕ್ಕೆ ಹೋಗಿ ಬನ್ನಿ ಎಂದೆ. ಗೆಳತಿಯ ಮಗಳ ಎದುರು ಕೂತು, ಅವಳ ಅಮ್ಮನ ಬಗ್ಗೆ ಅವಳಿಗೇ ಗೊತ್ತಿಲ್ಲದ ಮೂರು ಸಂಗತಿ ಹೇಳಿ ಬನ್ನಿ. ಹೇಳದೆ ಬರಬೇಡಿ. ಅಕ್ಕ ಹೋದರು. ಮೂರು ಹೇಳಲು ಹೋದವರು ಸಂಜೆಯ ಬಸ್ಸು ಬಿಟ್ಟು ರಾತ್ರಿ ಅಲ್ಲೇ ಉಳಿದರು. ಆ ಹುಡುಗಿ ಅಮ್ಮನ ಪೆಟ್ಟಿಗೆಯಿಂದ ಇವರು ಬರೆದ ಹಳೆಯ ಪತ್ರಗಳ ಕಟ್ಟು ತೆಗೆದು ತೋರಿಸಿದಳಂತೆ.

ಯಜಮಾನರನ್ನೂ ಒಮ್ಮೆ ಬರಹೇಳಿದೆ. ಜಾಸ್ತಿ ಮಾತಿನವರಲ್ಲ. ಕರಿಯನನ್ನು ಹೂಳಿದ್ದು ಎಲ್ಲಿ ಎಂದಾಗ, "ತೋಟದ ಅಂಚಲ್ಲಿ. ಮೇಲೆ ಒಂದು ಹಲಸಿನ ಸಸಿ ಹಚ್ಚಿದ್ದೇನೆ" ಎಂದರು. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ. ಹೇಳಿದರೆ ಅಳುತ್ತಾಳೆ ಅಂತ ಇವರು ಹೇಳಿರಲಿಲ್ಲ. ಕೇಳಿದರೆ ಬೈಯುತ್ತಾರೆ ಅಂತ ಅವರು ಕೇಳಿರಲಿಲ್ಲ. ಬೇಸಿಗೆಯಲ್ಲಿ ಆ ಸಸಿಗೆ ನೀರು ಬೇಕಲ್ವಾ, ಇಬ್ಬರೂ ಸರದಿಯಲ್ಲಿ ಹಾಕಿ ಎಂದೆ. ಅಲ್ಲಿ ನಿಂತಾಗ ನಾಯಿಯ ವಿಷಯ ಬಂದರೆ ಮಾತಾಡಿ, ಬಾರದಿದ್ದರೆ ಸುಮ್ನೆ ನೀರು ಹಾಕಿ ಬನ್ನಿ.

ಮಗಳಿಗೆ ಮಾತ್ರ ಅವಸರ. ಮೊಬೈಲಿನಲ್ಲಿ ದುಃಖದ ಐದು ಹಂತ ಓದಿಕೊಂಡು, "ಆಯಿ ಈಗ ಎಷ್ಟನೇ ಹಂತದಲ್ಲಿದ್ದಾಳೆ?" ಎಂದು ಕೇಳಿದಳು. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅದು ಉಳಿದವರು ಹತ್ತಿ ಮುಗಿಸಬೇಕಾದ ಮೆಟ್ಟಿಲಲ್ಲ. ದುಃಖ ಹೋಗುತ್ತದೆ, ಹಬ್ಬಕ್ಕೆ ಮತ್ತೆ ಬರುತ್ತದೆ ಎಂದು ತಿಳಿಸಿ ಹೇಳಿದೆ. ಕಾಳಜಿ ಮಾಡಬೇಕಾದದ್ದು ಯಾವಾಗ ಅಂತಲೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ, ಆರು ತಿಂಗಳು ಕಳೆದರೂ ತೀವ್ರತೆ ಇಳಿಯದೆ, ಊಟ, ಕೆಲಸ, ಸಂಬಂಧ ಎಲ್ಲ ಕೆಡುತ್ತಿದ್ದರೆ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಎನ್ನುತ್ತಾರೆ. ಬದುಕುವುದೇ ಬೇಡ ಎಂಬ ಮಾತು ಬಂದರೆ ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ರಾತ್ರಿ ಹಗಲೆನ್ನದೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಕ್ಕನಿಗೆ ಅದರ ಅಗತ್ಯ ಬರಲಿಲ್ಲ.

ಬೆಂಗಳೂರಿಂದ ಒಂದು ಲ್ಯಾಬ್ರಡಾರ್ ಮರಿ ತಂದುಬಿಡುವ ಯೋಚನೆಯೂ ಮಗಳಿಗಿತ್ತು. ಈಗ ಬೇಡ ಎಂದೆ. ಕರಿಯನ ಜಾಗಕ್ಕೆ ಅಂತ ಬಂದ ಮರಿಗೂ ಅನ್ಯಾಯ, ಆಯಿಗೂ ಕಷ್ಟ. ಮರಿ ಬೇಕು ಅಂತ ಅವರೇ ಬಾಯಿಬಿಟ್ಟು ಹೇಳಿದ ದಿನ ನೋಡೋಣ. ಅಲ್ಲಿಯವರೆಗೆ ವಾರಕ್ಕೊಮ್ಮೆ ಫೋನಿನಲ್ಲಿ ನೀವೇ ಕರಿಯನ ಹೆಸರು ತೆಗೆಯಿರಿ. ಅದು ನಿಮ್ಮ ಚಪ್ಪಲಿ ಕಚ್ಚಿ ಹಾಳು ಮಾಡಿದ್ದು, ಕಾಲೇಜಿನ ಬಸ್ಸಿನವರೆಗೆ ಹಿಂದೆ ಬಂದದ್ದು, ಏನು ನೆನಪಾಗುತ್ತದೋ ಅದು. ಅವರು ಅತ್ತರೆ ಮಾತು ಬದಲಿಸಬೇಡಿ, ಫೋನು ಇಡಲೂ ಬೇಡಿ ಎಂದೆ.