ಎಕ್ಮೋ ಮೇಲಿರುವ ರೋಗಿಯ ಬಗ್ಗೆ ಪದೇ ಪದೇ ಬರುವ ಪ್ರಶ್ನೆ

ಪ್ರಶ್ನೆ: 62 ವರ್ಷದ ನಮ್ಮ ತಂದೆಯವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಎಕ್ಮೋ (ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಯಂತ್ರ) ಹಾಕಿದ್ದಾರೆ. ಇಂದಿಗೆ ನಾಲ್ಕು ದಿನವಾಯಿತು. ಹೃದಯ ಆಗಲೇ ನಿಂತುಹೋಗಿದೆ, ಬಿಲ್ಲಿಗಾಗಿ ಯಂತ್ರ ಓಡಿಸುತ್ತಿದ್ದಾರೆ ಎಂದು ಬಂಧುಗಳು ಹೇಳುತ್ತಿದ್ದಾರೆ. ತೆಗೆಸಿಬಿಡಬೇಕೇ?

ಉತ್ತರ: ಐಸಿಯು ಒಳಗೆ ಕಾಲಿಡದವರು ಹಬ್ಬಿಸುವ ಈ ಮಾತು ನನಗೆ ಎಷ್ಟು ಪತ್ರಗಳಲ್ಲಿ ಬಂದಿದೆಯೆಂದರೆ, ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಹೃದಯವನ್ನು ನಿಲ್ಲಿಸಿ ಮಾಡುವ ಶಸ್ತ್ರಚಿಕಿತ್ಸೆಯ ನಂತರ ಕೆಲವರ ಹೃದಯದ ಸ್ನಾಯು ಜೀವಂತವಾಗಿದ್ದೂ ಹಿಂಡುವ ಶಕ್ತಿಯನ್ನು ಕೆಲವು ದಿನಗಳ ಮಟ್ಟಿಗೆ ಕಳೆದುಕೊಂಡಿರುತ್ತದೆ. ಔಷಧಿ ಮತ್ತು ಹೃದಯಕ್ಕೆ ನೆರವಾಗಲು ಮಹಾಪಧಮನಿಯೊಳಗೆ ಇಡುವ ಬಲೂನ್ ಪಂಪ್ ಸಾಲದೆ ಹೋದಾಗ ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ನಿಮಿಷಕ್ಕೆ 3ರಿಂದ 5 ಲೀಟರಿನಷ್ಟು ದೊಡ್ಡ ಅಪಧಮನಿಗೆ ಮರಳಿಸುವ ಎಕ್ಮೋ, ಸ್ನಾಯು ಚೇತರಿಸಿಕೊಳ್ಳುವವರೆಗೆ ಮಿದುಳನ್ನೂ ಮೂತ್ರಪಿಂಡವನ್ನೂ ಕಾಯುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1966ರಲ್ಲಿ ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ ಅವರು ಕವಾಟ ಬದಲಾವಣೆಯ ನಂತರ ಹೃದಯ ಸೋತಿದ್ದ ಮಹಿಳೆಯೊಬ್ಬರಿಗೆ ಬೇರೊಂದು ಬಗೆಯ ಪಂಪ್ ಅಳವಡಿಸಿ, ಹತ್ತು ದಿನಗಳ ಬಳಿಕ ತೆಗೆದಾಗ ಆಕೆಯ ಹೃದಯ ತಾನಾಗಿ ನಡೆಯಿತು. ಆದ್ದರಿಂದ ನಾಲ್ಕನೆಯ ದಿನವೇ ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ನಿಮಗೆ ಹುಸಿ ಧೈರ್ಯವನ್ನೂ ಹೇಳಲಾರೆ. ಹೃದಯ ಶಸ್ತ್ರಚಿಕಿತ್ಸೆಯ ನಂತರ ಎಕ್ಮೋ ಬೇಕಾದ ವಯಸ್ಕರಲ್ಲಿ ಮನೆಗೆ ಮರಳುವವರು ನೂರಕ್ಕೆ ಸುಮಾರು 35ರಿಂದ 40 ಮಂದಿ ಮಾತ್ರ. ಯಂತ್ರ ಮುಂದೆ ತಳ್ಳುವ ರಕ್ತದ ಒತ್ತಡಕ್ಕೆ ಎದುರಾಗಿಯೇ ದುರ್ಬಲ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಹಿಂಡಬೇಕಾಗುತ್ತದೆ; ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಿಂದ ಎದೆಯ ಗಾಯದಲ್ಲಿ ರಕ್ತಸ್ರಾವವಾಗಬಹುದು; ತೊಡೆಸಂದಿಗೆ ಹಾಕಿದ ನಳಿಕೆಯಿಂದ ಕಾಲಿಗೆ ರಕ್ತ ಕಡಿಮೆಯಾಗಬಹುದು; ಪಾರ್ಶ್ವವಾಯುವಿನ ಭಯವೂ ಇದೆ. ದಿನ ಕಳೆದಂತೆ ಈ ಅಪಾಯಗಳೆಲ್ಲ ಕೂಡುತ್ತ ಹೋಗುವುದರಿಂದ, ಒಂದು ವಾರದ ಆಸುಪಾಸಿನಲ್ಲಿಯೂ ಚೇತರಿಕೆಯ ಗುರುತು ಕಾಣದೆ, ಹೃದಯ ಕಸಿಗಾಗಲಿ ಶಾಶ್ವತ ಪಂಪಿಗಾಗಲಿ ದಾರಿ ಇಲ್ಲದಿದ್ದರೆ, ಮುಂದುವರಿಸುವುದು ರೋಗಿಗೆ ಹಿಂಸೆಯೆಂದು ನಾನು ಕುಟುಂಬದವರಿಗೆ ನೇರವಾಗಿಯೇ ಹೇಳುತ್ತೇನೆ.

ಬಂಧುಗಳ ಊಹೆಯನ್ನು ಬಿಟ್ಟು ವೈದ್ಯರನ್ನು ಪ್ರತಿದಿನ ಇಷ್ಟನ್ನು ಕೇಳಿ: ಮಾನಿಟರಿನ ರಕ್ತದೊತ್ತಡದ ಗೆರೆಯಲ್ಲಿ ಹೃದಯದ ಸ್ವಂತ ಬಡಿತದ ಅಲೆ ಏಳುತ್ತಿದೆಯೇ, ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ರಕ್ತದ ಲ್ಯಾಕ್ಟೇಟ್ ಇಳಿಯುತ್ತಿದೆಯೇ, ಮೂತ್ರ ಬರುತ್ತಿದೆಯೇ, ಮಂಪರಿನ ಔಷಧಿ ತಗ್ಗಿಸಿದಾಗ ಕಣ್ಣು ತೆರೆದು ಹೇಳಿದಂತೆ ಕೈ ಹಿಡಿಯುತ್ತಾರೆಯೇ, ಯಂತ್ರದ ಹರಿವನ್ನು ತಗ್ಗಿಸಿ ಎಕೋದಲ್ಲಿ (ಹೃದಯದ ಸ್ಕ್ಯಾನ್) ನೋಡಿದಾಗ ಹೃದಯ ಎಷ್ಟು ಹಿಂಡುತ್ತಿದೆ. ಈ ಉತ್ತರಗಳು ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದರೆ ಕಾಯಿರಿ. ಬಿಲ್ಲಿನ ಬಗ್ಗೆ ಅನುಮಾನವಿದ್ದರೆ ದಿನದ ಲೆಕ್ಕವನ್ನು ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚಪಡಬೇಡಿ. ಆದರೆ ಸಹಿ ಹಾಕಿ ಮನೆಗೆ ಕರೆದೊಯ್ಯುತ್ತೇವೆ ಎನ್ನುವುದು ಇಲ್ಲಿ ನಡೆಯುವ ಮಾತಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ 2023ರಲ್ಲಿ ಸರಳಗೊಳಿಸಿದ ಮಾರ್ಗಸೂಚಿಯಂತೆ, ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಿ, ಕುಟುಂಬದ ಸಮ್ಮತಿ ಪಡೆದ ಮೇಲೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಕ್ರಮವಿದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕಾಗಿ ಆದೇಶ ಹೊರಡಿಸಿದೆ.

ಪ್ರಶ್ನೆ: ವೆಂಟಿಲೇಟರ್ ಇರುವಾಗ ಎಕ್ಮೋ ಏಕೆ?

ಉತ್ತರ: ವೆಂಟಿಲೇಟರ್ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆಯೇ ಹೊರತು ರಕ್ತವನ್ನು ತಳ್ಳುವುದಿಲ್ಲ.

ಪ್ರಶ್ನೆ: ಎಕ್ಮೋದಲ್ಲಿರುವ ಅಮ್ಮನಿಗೆ ಹೃದಯ ಬಲವಾಗಲು ಹೊಳೆಮತ್ತಿ ತೊಗಟೆಯ ಕಷಾಯವನ್ನು ಮೂಗಿನ ನಳಿಕೆಯಿಂದ ಹಾಕಲು ಒಬ್ಬರು ಹೇಳಿ, ಹಣವನ್ನೂ ಪಡೆದಿದ್ದಾರೆ. ಹಾಕಬಹುದೇ?

ಉತ್ತರ: ಖಂಡಿತ ಬೇಡ. ಹೆಪಾರಿನ್ ಮೇಲಿರುವ, ಕರುಳಿಗೆ ಸರಿಯಾಗಿ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂದು ವೈದ್ಯರು ಗಂಟೆಗಂಟೆಗೂ ನೋಡುತ್ತಿರುವ ರೋಗಿಯ ಹೊಟ್ಟೆಗೆ ಅಳತೆಯೂ ಶುದ್ಧತೆಯೂ ತಿಳಿಯದ ಕಷಾಯವನ್ನು ಇಳಿಸಲು ಹೇಳಿ, ಅದಕ್ಕೆ ಹಣವನ್ನೂ ಪಡೆದವರು ನಿಮ್ಮ ದುಃಖವನ್ನು ದುಡಿಸಿಕೊಳ್ಳುತ್ತಿದ್ದಾರೆ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಇಂದೇ ಐಸಿಯು ವೈದ್ಯರಿಗೆ ತಿಳಿಸಿ. ಅವರು ಬೈದರೂ ಚಿಂತೆಯಿಲ್ಲ.